ಲಂಘನವೂ ಉಲ್ಲಂಘನವೂ: ಟೋಕಿಯೋ ಉದ್ದಜಿಗಿತ ಸ್ಪರ್ಧೆಯ ಒಂದು ಅಧ್ಯಯನ

ಸಂಸ್ಕೃತದ ‘ಲಂಘ್’ ಧಾತುವಿನಿಂದ ಹುಟ್ಟಿದ ‘ಲಂಘನ’ ಶಬ್ದಕ್ಕೆ ಜಿಗಿಯುವುದು, ದಾಟುವುದು ಎಂಬ ಅರ್ಥಗಳಿವೆ. ಉಪವಾಸವೆಂಬ ಅರ್ಥವೂ ಉಂಟು. ಅದರ ಹಿಂದೆ ‘ಉತ್’ ಎಂಬ ಉಪಸರ್ಗವು ಸೇರಿದೊಡನೆ ‘ಉಲ್ಲಂಘನ’ವೆಂದಾಗುತ್ತದೆ. ಹನುಮಂತನ ಸಾಗರೋಲ್ಲಂಘನವೆಂಬಲ್ಲಿ ಈ ಶಬ್ದವು ಶ್ಲಾಘ್ಯವಾದ ಸಾಹಸವನ್ನು ಹೇಳಿದರೆ, ನಿಯಮೋಲ್ಲಂಘನವೆಂಬಲ್ಲಿ ಮೇರೆ ಮೀರಿದ ದೋಷವನ್ನು ಹೇಳುತ್ತದೆ. ಇಂದಿನ ಕನ್ನಡದಲ್ಲಿ ಈ ಎರಡನೆಯ ಅರ್ಥವೇ ರೂಢಿಯಲ್ಲಿ ಬಲವಾಗಿ ನಿಂತಿದೆ. ಲಂಘನಕ್ಕೂ ಉಲ್ಲಂಘನಕ್ಕೂ ನಡುವೆ ಇರುವ ಅಂತರ ಒಂದು ಉಪಸರ್ಗದಷ್ಟು ಮಾತ್ರ. ಕ್ರೀಡಾಂಗಣದಲ್ಲಿ ಈ ಅಂತರವನ್ನು ಕಣ್ಣಾರೆ ಕಾಣಬೇಕೆಂದರೆ ಉದ್ದಜಿಗಿತದ ಸ್ಪರ್ಧೆಯನ್ನು ನೋಡಬೇಕು.

ನಮ್ಮ ಅಚ್ಚಗನ್ನಡದಲ್ಲಿಯೂ ಈ ಕ್ರಿಯೆಗೆ ಶಬ್ದದಾರಿದ್ರ್ಯವಿಲ್ಲ. ನಿಂತಲ್ಲಿಂದಲೇ ಕಪ್ಪೆಯಂತೆ ಮುಂದಕ್ಕೆ ಹೋದರೆ ಕುಪ್ಪಳಿಸುವುದು. ಮೇಲಕ್ಕೆ ಏಳುವುದೇ ಮುಖ್ಯವಾದರೆ ನೆಗೆಯುವುದು. ನಡುವಿನ ಹಳ್ಳವನ್ನೋ ಬೇಲಿಯನ್ನೋ ಹಿಂದಿಕ್ಕಿದರೆ ದಾಟುವುದು. ನೆಲದ ಹಂಗನ್ನು ತೊರೆದು ಗಾಳಿಯಲ್ಲಿ ಸಾಗಿದರೆ ಹಾರುವುದು. ಓಡಿಬಂದ ವೇಗವನ್ನು ಒಂದೇ ಕಾಲಿನ ಮೆಟ್ಟಿನಿಂದ ಮುಂದಕ್ಕೂ ಮೇಲಕ್ಕೂ ತಿರುಗಿಸುವ ಉದ್ದಜಿಗಿತದಲ್ಲಿ ಈ ಶಬ್ದಗಳೆಲ್ಲದರ ಸಾರವೂ ಸ್ವಲ್ಪ ಸ್ವಲ್ಪ ಅಡಗಿದೆ. ವಿದ್ಯಾರ್ಥಿಗಳು ಶಬ್ದಾರ್ಥವನ್ನು ಪದಕೋಶದಲ್ಲಿ ಮಾತ್ರವಲ್ಲದೆ ಲೋಕವ್ಯವಹಾರದಲ್ಲಿಯೂ ಹುಡುಕಬೇಕೆಂಬುದು ನಮ್ಮ ಹಿರಿಯರ ಮತ. ಆ ಮತವನ್ನು ಅನುಸರಿಸಿ, ೧೯೯೧ನೆಯ ಇಸವಿ ಆಗಸ್ಟ್ ೩೦ರಂದು ಜಪಾನಿನ ಟೋಕಿಯೋ ನಗರದಲ್ಲಿ ಜರುಗಿದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ಪಿನ ಪುರುಷರ ಉದ್ದಜಿಗಿತ ಸ್ಪರ್ಧೆಯನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸೋಣ.

ಕ್ರೀಡೆಯ ಸ್ವರೂಪ

ಉದ್ದಜಿಗಿತವು ಬಹು ಪುರಾತನವಾದ ಸ್ಪರ್ಧೆ. ಪ್ರಾಚೀನ ಗ್ರೀಕರು ಒಲಿಂಪಿಯಾದಲ್ಲಿ ನಡೆಸುತ್ತಿದ್ದ ಪಂಚಕ್ರೀಡೆಗಳಲ್ಲಿ ಇದೂ ಒಂದು. ಅವರು ಎರಡು ಕೈಗಳಲ್ಲಿಯೂ ಭಾರದ ತೂಕಗಳನ್ನು ಹಿಡಿದು ಜಿಗಿಯುತ್ತಿದ್ದರು. ೧೮೯೬ರಲ್ಲಿ ಅಥೆನ್ಸಿನಲ್ಲಿ ಆಧುನಿಕ ಒಲಿಂಪಿಕ್ ಕ್ರೀಡೆಗಳು ಆರಂಭವಾದಾಗಿನಿಂದಲೂ ಉದ್ದಜಿಗಿತವು ಅಲ್ಲಿ ನಡೆದುಬಂದಿದೆ.

ಇಂದಿನ ಸ್ಪರ್ಧೆಯಲ್ಲಿ ಓಟಕ್ಕೆ ಕನಿಷ್ಠ ೪೦ ಮೀಟರು ಉದ್ದದ ಹಾದಿಯಿರುತ್ತದೆ. ಅದರ ಕೊನೆಯಲ್ಲಿ ೨೦ ಸೆಂಟಿಮೀಟರು ಅಗಲದ ಬಿಳಿಯ ಹಲಗೆಯೊಂದನ್ನು ನೆಲಕ್ಕೆ ಸಮನಾಗಿ ಹುದುಗಿಸಿರುತ್ತಾರೆ. ಸ್ಪರ್ಧಿಯು ಆ ಹಲಗೆಯನ್ನು ಮೆಟ್ಟಿ ಜಿಗಿಯಬೇಕು. ಆದರೆ ಮರಳಗುಣಿಯ ಕಡೆಗಿರುವ ಅದರ ಅಂಚನ್ನು ಮೀರಬಾರದು. ಮೀರಿದರೆ ಆ ಜಿಗಿತವು ಎಷ್ಟೇ ದೂರದ್ದಾದರೂ ಅಸಿಂಧು. ತೀರ್ಪುಗಾರನು ಕೆಂಪು ಬಾವುಟವನ್ನು ಎತ್ತುತ್ತಾನೆ. ಟೋಕಿಯೋ ಸ್ಪರ್ಧೆಯ ಕಾಲದಲ್ಲಿ ಅಂಚಿನಾಚೆಗೆ ಮೆತ್ತನೆಯ ಜೇಡಿಯಂತಹ ಪದಾರ್ಥವನ್ನು ಬಳಿದು, ಅದರ ಮೇಲೆ ಪಾದರಕ್ಷೆಯ ಗುರುತು ಬಿದ್ದಿದೆಯೇ ಎಂದು ನೋಡಿ ನಿರ್ಣಯಿಸುತ್ತಿದ್ದರು. ಅಳತೆಯನ್ನು ಸ್ಪರ್ಧಿಯು ಮೆಟ್ಟಿದ ಸ್ಥಳದಿಂದ ತೆಗೆಯುವುದಿಲ್ಲ, ಹಲಗೆಯ ಅಂಚಿನಿಂದಲೇ ತೆಗೆಯುತ್ತಾರೆ. ಮರಳಿನಲ್ಲಿ ದೇಹದ ಯಾವ ಭಾಗ ಮಾಡಿದ ಗುರುತು ಅಂಚಿಗೆ ಅತ್ಯಂತ ಸಮೀಪವಾಗಿದೆಯೋ ಅದೇ ಲೆಕ್ಕಕ್ಕೆ ಬರುತ್ತದೆ. ಆದುದರಿಂದ ಹೆದರಿ ಒಂದು ಗೇಣು ಹಿಂದೆ ಮೆಟ್ಟಿದವನು ಆ ಗೇಣನ್ನು ಕಳೆದುಕೊಳ್ಳುತ್ತಾನೆ. ಆಸೆಯಿಂದ ಕೂದಲೆಳೆಯಷ್ಟು ಮುಂದೆ ಮೆಟ್ಟಿದವನು ಎಲ್ಲವನ್ನೂ ಕಳೆದುಕೊಳ್ಳುತ್ತಾನೆ.

ಗಾಳಿಯ ವಿಷಯದಲ್ಲಿಯೂ ಒಂದು ನಿಯಮವುಂಟು. ಸ್ಪರ್ಧಿಯ ಬೆನ್ನ ಹಿಂದಿನಿಂದ ಬೀಸುವ ಗಾಳಿಯ ವೇಗವು ಸೆಕೆಂಡಿಗೆ ೨.೦ ಮೀಟರನ್ನು ಮೀರಿದರೆ, ಆ ಜಿಗಿತವನ್ನು ದಾಖಲೆಯೆಂದು ಮಾನ್ಯಮಾಡುವುದಿಲ್ಲ. ಆದರೆ ಆ ದಿನದ ಸ್ಪರ್ಧೆಯಲ್ಲಿ ಸ್ಥಾನವನ್ನು ನಿರ್ಣಯಿಸಲು ಅದು ಪೂರ್ಣವಾಗಿ ಲೆಕ್ಕಕ್ಕೆ ಬರುತ್ತದೆ. ಪ್ರತಿಯೊಬ್ಬರಿಗೂ ಮೊದಲು ಮೂರು ಅವಕಾಶಗಳು. ಮುಂದೆ ನಿಂತ ಎಂಟು ಮಂದಿಗೆ ಇನ್ನೂ ಮೂರು. ಈ ಆರರಲ್ಲಿ ಅತ್ಯುತ್ತಮವಾದ ಒಂದೇ ಜಿಗಿತವು ಸ್ಪರ್ಧಿಯ ಫಲವನ್ನು ನಿರ್ಧರಿಸುತ್ತದೆ. ಇಬ್ಬರ ಅತ್ಯುತ್ತಮ ಜಿಗಿತಗಳು ಸಮವಾದರೆ ಮಾತ್ರ ಎರಡನೆಯ ಉತ್ತಮ ಜಿಗಿತವನ್ನು ಪರಿಶೀಲಿಸುತ್ತಾರೆ. ೨೦೨೨ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಭಾರತದ ಮುರಳಿ ಶ್ರೀಶಂಕರ್ ಹಾಗೂ ಬಹಾಮಾಸಿನ ಲಾಕ್ವಾನ್ ನೇರ್ನ್ ಇಬ್ಬರೂ ೮.೦೮ ಮೀಟರು ಜಿಗಿದಾಗ, ಈ ನಿಯಮದಂತೆಯೇ ನೇರ್ನನಿಗೆ ಚಿನ್ನವೂ ಶ್ರೀಶಂಕರರಿಗೆ ಬೆಳ್ಳಿಯೂ ದೊರೆತುವು.

ಬೀಮನ್ನನ ಮೇರೆ

ಟೋಕಿಯೋ ಸ್ಪರ್ಧೆಯ ಮಹತ್ತ್ವವು ಮನಸ್ಸಿಗೆ ಹಿಡಿಯಬೇಕಾದರೆ ಅದರ ಹಿಂದಣ ಇತಿಹಾಸವನ್ನು ತಿಳಿದಿರಬೇಕು. ಅಮೆರಿಕದ ಜೆಸ್ಸಿ ಓವೆನ್ಸನು ೧೯೩೫ರಲ್ಲಿ ೮.೧೩ ಮೀಟರು ಜಿಗಿದನು. ಆ ದಾಖಲೆಯು ೧೯೬೦ರವರೆಗೆ, ಅಂದರೆ ಇಪ್ಪತ್ತೈದು ವರ್ಷಗಳ ಕಾಲ, ಅಚಲವಾಗಿ ನಿಂತಿತು. ಅನಂತರ ರಾಲ್ಫ್ ಬೋಸ್ಟನ್ ಮೊದಲಾದವರು ಕೆಲವೇ ಸೆಂಟಿಮೀಟರುಗಳಂತೆ ಅದನ್ನು ಮುಂದಕ್ಕೊಯ್ದು ೮.೩೫ ಮೀಟರಿಗೆ ತಂದು ನಿಲ್ಲಿಸಿದರು. ೧೯೬೮ರ ಅಕ್ಟೋಬರ್ ೧೮ರಂದು ಮೆಕ್ಸಿಕೋ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ ಬಾಬ್ ಬೀಮನ್ ಎಂಬ ಅಮೆರಿಕದ ಯುವಕನು ತನ್ನ ಮೊದಲನೆಯ ಜಿಗಿತದಲ್ಲಿಯೇ ೮.೯೦ ಮೀಟರು ದೂರಕ್ಕೆ ಹಾರಿದನು. ಅಳತೆಗೆಂದು ಇಟ್ಟಿದ್ದ ದೃಗ್ಯಂತ್ರವು ಅಷ್ಟು ದೂರವನ್ನು ಮುಟ್ಟಲಾರದೆ, ಉಕ್ಕಿನ ಟೇಪನ್ನು ತರಿಸಿ ಅಳೆಯಬೇಕಾಯಿತು. ದಾಖಲೆಯು ಒಂದೇ ನೆಗೆತಕ್ಕೆ ೫೫ ಸೆಂಟಿಮೀಟರು ಮುಂದಕ್ಕೆ ಹೋಯಿತು. ಸಮುದ್ರಮಟ್ಟದಿಂದ ಸುಮಾರು ೨,೨೪೦ ಮೀಟರು ಎತ್ತರದ ಆ ನಗರದ ತೆಳುವಾದ ಗಾಳಿಯೂ, ನಿಯಮದ ಗಡಿಯಾದ ೨.೦ ಮೀಟರಿನ ವೇಗದಲ್ಲಿಯೇ ಬೆನ್ನ ಹಿಂದಿನಿಂದ ಬೀಸಿದ ಮಾರುತವೂ ಆತನಿಗೆ ನೆರವಾದುವೆಂಬುದು ನಿಜ. ಆದರೆ ಅದೇ ಗಾಳಿಯೂ ಅದೇ ನೆಲವೂ ಆ ದಿನ ಇತರರಿಗೂ ಇದ್ದುವಷ್ಟೆ. ಇಪ್ಪತ್ತೆರಡು ವರ್ಷಗಳವರೆಗೆ ಜಗತ್ತಿನ ಜಿಗಿತಗಾರರು ಆ ಮೇರೆಯನ್ನು ದೂರದಿಂದಲೇ ನೋಡುತ್ತ ಬಂದರು.

ಇಬ್ಬರು ಸ್ಪರ್ಧಿಗಳು

೧೯೯೧ರಲ್ಲಿ ಆ ಮೇರೆಯನ್ನು ದಾಟುವವನು ಯಾರೆಂದು ಕೇಳಿದ್ದರೆ ಎಲ್ಲರೂ ಕಾರ್ಲ್ ಲೂಯಿಸನ ಹೆಸರನ್ನೇ ಹೇಳುತ್ತಿದ್ದರು. ಆತನು ೧೯೮೪ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ನಾಲ್ಕು ಚಿನ್ನದ ಪದಕಗಳನ್ನು ಗೆದ್ದವನು. ೧೯೮೮ರ ಸೋಲ್ ಒಲಿಂಪಿಕ್ಸಿನಲ್ಲಿಯೂ ಉದ್ದಜಿಗಿತದ ಚಿನ್ನವನ್ನು ಉಳಿಸಿಕೊಂಡವನು. ೧೯೮೧ರಲ್ಲಿ ಲ್ಯಾರಿ ಮೈರಿಕ್ಸನ ಎದುರು ಸೋತಮೇಲೆ, ಉದ್ದಜಿಗಿತದ ೬೫ ಸ್ಪರ್ಧೆಗಳಲ್ಲಿ ಒಂದೇ ಸಮನೆ ಗೆಲ್ಲುತ್ತ ಬಂದಿದ್ದನು. ಟೋಕಿಯೋದಲ್ಲಿಯೇ, ಜಿಗಿತದ ಸ್ಪರ್ಧೆಗೆ ಐದು ದಿನ ಮುಂಚೆ, ೧೦೦ ಮೀಟರು ಓಟವನ್ನು ೯.೮೬ ಸೆಕೆಂಡುಗಳಲ್ಲಿ ಮುಗಿಸಿ ವಿಶ್ವದಾಖಲೆಯನ್ನು ಸ್ಥಾಪಿಸಿದ್ದನು. ಆತನ ಎದುರಾಳಿಯಾದ ಮೈಕ್ ಪೊವೆಲನು ಅದೇ ದೇಶದವನು, ಎರಡು ವರ್ಷ ಕಿರಿಯವನು. ಸೋಲ್ ಒಲಿಂಪಿಕ್ಸಿನಲ್ಲಿ ಲೂಯಿಸನ ಹಿಂದೆ ಬೆಳ್ಳಿಯನ್ನು ಪಡೆದವನು. ಅಲ್ಲಿಯವರೆಗೆ ಹದಿನೈದು ಬಾರಿ ಲೂಯಿಸನೊಡನೆ ಸ್ಪರ್ಧಿಸಿ ಹದಿನೈದು ಬಾರಿಯೂ ಸೋತಿದ್ದನು. ೧೯೯೧ರ ಜೂನ್ ತಿಂಗಳಿನಲ್ಲಿ ನಡೆದ ತಮ್ಮ ರಾಷ್ಟ್ರೀಯ ಸ್ಪರ್ಧೆಯಲ್ಲಂತೂ ಲೂಯಿಸನ ೮.೬೪ ಮೀಟರಿಗೆ ಪ್ರತಿಯಾಗಿ ೮.೬೩ ಮೀಟರು ಜಿಗಿದು, ಒಂದೇ ಸೆಂಟಿಮೀಟರಿನಿಂದ ಪರಾಜಿತನಾಗಿದ್ದನು. ಹಲಗೆಯ ಅಂಚನ್ನು ಪದೇ ಪದೇ ಮೀರುವ ಚಾಳಿಯಿದ್ದುದರಿಂದ, ಆತನ ಹೆಸರಿಗೆ ಪ್ರಾಸವಾಗುವಂತೆ ‘ಮೈಕ್ ಫೌಲ್’ ಎಂಬ ಅಡ್ಡಹೆಸರೂ ಅಂಟಿಕೊಂಡಿತ್ತು. ಲಂಘನದ ಬಲವಿದ್ದೂ ಉಲ್ಲಂಘನದ ದೋಷವು ಬೆನ್ನು ಬಿಡದಿದ್ದವನೆಂದು ನಾವು ಹೇಳಬಹುದು.

ಇಬ್ಬರ ವಿಧಾನಗಳಲ್ಲಿಯೂ ಭೇದವಿತ್ತು. ಎಸೆದ ಕಲ್ಲು ಬಹು ದೂರ ಹೋಗಬೇಕಾದರೆ ಸುಮಾರು ೪೫ ಅಂಶಗಳ ಕೋನದಲ್ಲಿ ಏರಬೇಕೆಂದು ಗಣಿತವು ಹೇಳುತ್ತದೆ. ಆದರೆ ಸೆಕೆಂಡಿಗೆ ಸುಮಾರು ೧೧ ಮೀಟರು ವೇಗದಿಂದ ಧಾವಿಸುವ ಮನುಷ್ಯನು ಒಂದೇ ಮೆಟ್ಟಿನಲ್ಲಿ ಅಷ್ಟು ಮೇಲಕ್ಕೆ ತಿರುಗಲಾರನು. ತಿರುಗಲು ಹೊರಟರೆ ಓಟದ ವೇಗವೇ ನಷ್ಟವಾಗುತ್ತದೆ. ಆದುದರಿಂದ ನುರಿತ ಜಿಗಿತಗಾರರು ಸುಮಾರು ೨೦ ಅಂಶಗಳ ಕೋನದಲ್ಲಿಯೇ ಏಳುತ್ತಾರೆ. ಲೂಯಿಸನು ಓಟಗಾರ, ವೇಗವನ್ನು ಕಾಪಾಡಿಕೊಂಡು ತಗ್ಗಿನ ಪಥದಲ್ಲಿ, ಗಾಳಿಯಲ್ಲಿಯೂ ಓಡುವವನಂತೆ ಕಾಲುಗಳನ್ನಾಡಿಸುತ್ತ ಸಾಗುವವನು. ಪೊವೆಲನು ಶಾಲಾದಿನಗಳಲ್ಲಿ ಎತ್ತರಜಿಗಿತದಲ್ಲಿ ಪಳಗಿದವನು. ಹಲಗೆಯಿಂದ ಹೆಚ್ಚು ಮೇಲಕ್ಕೆ ಏಳುವುದು ಆತನ ಬಲ. ಒಬ್ಬನ ಆಶ್ರಯ ವೇಗ, ಇನ್ನೊಬ್ಬನದು ಎತ್ತರ. ಗುರಿಯೊಂದೇ ಆದರೂ ಮಾರ್ಗಗಳು ಬೇರೆ.

ಆರು ಸುತ್ತುಗಳು

ಇನ್ನು ಸ್ಪರ್ಧೆಯನ್ನೇ ನೋಡೋಣ. ಇಬ್ಬರ ಆರು ಜಿಗಿತಗಳೂ ಹೀಗಿವೆ:

ಲೂಯಿಸ್: ೮.೬೮, ಅಸಿಂಧು, ೮.೮೩, ೮.೯೧, ೮.೮೭, ೮.೮೪ ಮೀ.

ಪೊವೆಲ್: ೭.೮೫, ೮.೫೪, ೮.೨೯, ಅಸಿಂಧು, ೮.೯೫, ಅಸಿಂಧು.

ಮೊದಲನೆಯ ಸುತ್ತಿನಲ್ಲಿ ಲೂಯಿಸನು ೮.೬೮ ಮೀಟರು ಜಿಗಿದಾಗ ಪೊವೆಲನದು ೭.೮೫ ಮೀಟರು ಮಾತ್ರ. ಉದ್ವೇಗವು ಆತನ ಕಾಲುಗಳನ್ನು ಹಿಡಿದಂತಿತ್ತು. ಎರಡನೆಯದರಲ್ಲಿ ಆತನು ಚೇತರಿಸಿಕೊಂಡು ೮.೫೪ ಮೀಟರನ್ನು ಮುಟ್ಟಿದನು. ಮೂರನೆಯ ಸುತ್ತಿನಲ್ಲಿ ಲೂಯಿಸನು ೮.೮೩ ಮೀಟರಿಗೆ ಹೋದನು. ಗಾಳಿಯ ವೇಗ ೨.೩ ಮೀಟರು. ನಾಲ್ಕನೆಯದರಲ್ಲಿ ಪೊವೆಲನು ಬಹು ದೂರ ಜಿಗಿದನಾದರೂ ಕೆಂಪು ಬಾವುಟ ಮೇಲೆದ್ದಿತು. ಆತನು ಹಲಗೆಯ ಬಳಿಗೆ ಹೋಗಿ, ಬಾಗಿ ನೋಡಿ, ತಾನು ಮೀರಿಲ್ಲವೆಂದು ವಾದಿಸಿದನು, ತೀರ್ಪು ಬದಲಾಗಲಿಲ್ಲ. ಅದೇ ಸುತ್ತಿನಲ್ಲಿ ಲೂಯಿಸನು ೮.೯೧ ಮೀಟರು ಜಿಗಿದನು. ಬೀಮನ್ನನ ಗುರುತಿಗಿಂತ ಒಂದು ಸೆಂಟಿಮೀಟರು ಆಚೆಗೆ ಮನುಷ್ಯನೊಬ್ಬನು ಬಿದ್ದುದು ಅದೇ ಮೊದಲು. ಆದರೆ ಗಾಳಿಯ ವೇಗವು ೨.೯ ಮೀಟರು ಎಂದು ತಿಳಿದುಬಂದಿತು. ಜಿಗಿತವು ಸ್ಪರ್ಧೆಗೆ ಸಲ್ಲುತ್ತದೆ, ದಾಖಲೆಗೆ ಸಲ್ಲುವುದಿಲ್ಲ. ಸ್ಪರ್ಧೆಯು ಅಲ್ಲಿಗೇ ನಿಂತಿದ್ದರೆ ಬೀಮನ್ನನಿಗಿಂತ ದೂರ ಹಾರಿದವನು ವಿಜೇತನಾಗಿಯೂ, ಬೀಮನ್ನನ ದಾಖಲೆಯು ಭದ್ರವಾಗಿಯೂ ಉಳಿಯುತ್ತಿದ್ದುವು. ನಿಯಮಶಾಸ್ತ್ರದ ಸೂಕ್ಷ್ಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯದು.

ಐದನೆಯ ಸುತ್ತು. ಪೊವೆಲನಿಗೆ ಉಳಿದಿದ್ದುವು ಎರಡು ಅವಕಾಶಗಳು. ಹಿಂದಿನ ಜಿಗಿತದಲ್ಲಿ ಮೀರಿದವನು ಸಾಮಾನ್ಯವಾಗಿ ಮುಂದಿನದರಲ್ಲಿ ಎಚ್ಚರಿಕೆಯಿಂದ ಹಿಂದೆ ಸರಿಯುತ್ತಾನೆ. ಸರಿದರೆ ಆ ದಿನ ಗೆಲುವಿಲ್ಲ. ಪೊವೆಲನು ವೇಗವನ್ನು ತಗ್ಗಿಸಲಿಲ್ಲ, ಅಂಚನ್ನೂ ಮೀರಲಿಲ್ಲ. ಹಲಗೆಯನ್ನು ಮೆಟ್ಟಿ ಎತ್ತರಕ್ಕೆ ಎದ್ದು ಮರಳಿನ ಬಹು ದೂರಕ್ಕೆ ಇಳಿದನು. ಬಿಳಿಯ ಬಾವುಟ. ಗಾಳಿಯ ವೇಗ ೦.೩ ಮೀಟರು ಮಾತ್ರ. ಅಳತೆ ೮.೯೫ ಮೀಟರು, ಹಳೆಯ ಲೆಕ್ಕದಲ್ಲಿ ೨೯ ಅಡಿ ೪ ಅಂಗುಲಕ್ಕೂ ಮಿಗಿಲು. ಇಪ್ಪತ್ತೆರಡು ವರ್ಷ ಹತ್ತು ತಿಂಗಳು ನಿಂತಿದ್ದ ಮೇರೆಯು, ತೆಳುವಾದ ಗಾಳಿಯ ನೆರವಿಲ್ಲದ ಸಮುದ್ರತೀರದ ನಗರವೊಂದರಲ್ಲಿ, ಐದು ಸೆಂಟಿಮೀಟರು ಹಿಂದಕ್ಕೆ ಬಿದ್ದಿತು.

ಆದರೆ ಸ್ಪರ್ಧೆಯು ಮುಗಿದಿರಲಿಲ್ಲ. ಲೂಯಿಸನಿಗೆ ಇನ್ನೂ ಎರಡು ಅವಕಾಶಗಳಿದ್ದುವು. ವಿಶ್ವದಾಖಲೆಯನ್ನು ಸ್ಥಾಪಿಸಿದವನು ಅದೇ ದಿನ ಬೆಳ್ಳಿಯ ಪದಕದೊಡನೆ ಮನೆಗೆ ಹೋಗುವ ಸಂಭವವು ಪೊವೆಲನ ಕಣ್ಣ ಮುಂದಿತ್ತು. ಲೂಯಿಸನು ಎದೆಗುಂದಲಿಲ್ಲ. ಎದುರುಗಾಳಿಯಲ್ಲಿ ೮.೮೭ ಮೀಟರು ಜಿಗಿದನು. ಗಾಳಿಯ ನಿಯಮಕ್ಕೆ ಒಳಪಟ್ಟಂತೆ ಅದು ಆತನ ಜೀವಮಾನದ ಅತ್ಯುತ್ತಮ ಜಿಗಿತ. ಕೊನೆಯದಾಗಿ ೮.೮೪ ಮೀಟರು. ಅಲ್ಲಿಗೆ ನಿರ್ಣಯವಾಯಿತು. ಹತ್ತು ವರ್ಷ ಅಜೇಯನಾಗಿದ್ದವನು ನಾಲ್ಕು ಸೆಂಟಿಮೀಟರುಗಳಿಂದ, ಅಂದರೆ ಎರಡು ಬೆರಳಗಲದಿಂದ, ಸೋತನು. ಮೂರನೆಯ ಸ್ಥಾನವು ೮.೪೨ ಮೀಟರು ಜಿಗಿದ ಲ್ಯಾರಿ ಮೈರಿಕ್ಸನಿಗೆ ಸಂದಿತು. ಲೂಯಿಸನನ್ನು ಹತ್ತು ವರ್ಷಗಳ ಹಿಂದೆ ಕಡೆಯದಾಗಿ ಸೋಲಿಸಿದ್ದವನು, ಆತನ ಮುಂದಿನ ಸೋಲಿಗೂ ಸಾಕ್ಷಿಯಾದನು.

ಶ್ರೇಷ್ಠನು ಯಾರು?

ಇಲ್ಲಿ ವಿಚಾರಶೀಲನಾದ ವಿದ್ಯಾರ್ಥಿಗೆ ಒಂದು ಸಂದೇಹವು ಹುಟ್ಟುತ್ತದೆ. ಲೂಯಿಸನ ಐದು ಸಿಂಧು ಜಿಗಿತಗಳ ಸರಾಸರಿಯನ್ನು ತೆಗೆದರೆ ೮.೮೨ ಮೀಟರಿಗೂ ಹೆಚ್ಚು. ಪೊವೆಲನ ನಾಲ್ಕು ಸಿಂಧು ಜಿಗಿತಗಳ ಸರಾಸರಿ ಸುಮಾರು ೮.೪೧ ಮೀಟರು. ೮.೮೦ ಮೀಟರನ್ನು ಲೂಯಿಸನು ನಾಲ್ಕು ಬಾರಿ ದಾಟಿದರೆ, ಪೊವೆಲನು ದಾಟಿದ್ದು ಒಂದೇ ಬಾರಿ. ಹಾಗಾದರೆ ಆ ದಿನದ ಶ್ರೇಷ್ಠನು ಯಾರು? ಒಂದೇ ಜಿಗಿತವನ್ನು ಎತ್ತಿಹಿಡಿದು ಉಳಿದ ಐದನ್ನು ಮರೆಯುವ ನಿಯಮವು ನ್ಯಾಯವೇ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಪರೀಕ್ಷೆಯ ಒಂದು ದಿನದ ಅಂಕಗಳಿಂದ ವರ್ಷವಿಡೀ ಓದಿದುದನ್ನು ಅಳೆಯುವುದು ಸರಿಯೇ ಎಂದು ಕೇಳುವ ವಿದ್ಯಾರ್ಥಿಯೂ ಇದೇ ಪ್ರಶ್ನೆಯನ್ನು ಕೇಳುತ್ತಾನೆ. ಇದಕ್ಕೆ ಎರಡು ಸಮಾಧಾನಗಳನ್ನು ಹೇಳಬಹುದು. ಮೊದಲನೆಯದು: ಪ್ರತಿಯೊಂದು ಸ್ಪರ್ಧೆಯೂ ತಾನು ಏನನ್ನು ಅಳೆಯುತ್ತೇನೆಂಬುದನ್ನು ಮೊದಲೇ ಸಾರಿರುತ್ತದೆ. ಉದ್ದಜಿಗಿತವು ಅಳೆಯುವುದು, ಒಬ್ಬ ಮನುಷ್ಯನು ಒಂದು ಮೆಟ್ಟಿನಿಂದ ಅತಿ ಹೆಚ್ಚೆಂದರೆ ಎಷ್ಟು ದೂರ ಹೋಗಬಲ್ಲನೆಂಬುದನ್ನು. ಸಾಮಾನ್ಯವಾಗಿ ಎಷ್ಟು ದೂರ ಹೋಗುವನೆಂಬುದನ್ನಲ್ಲ. ಅದನ್ನು ಅರಿತೇ ಇಬ್ಬರೂ ಅಂಗಳಕ್ಕೆ ಇಳಿದರು. ಲೂಯಿಸನಿಗೆ ಗಾಳಿಯ ನೆರವಿನ ೮.೯೧ ಮೀಟರು ಸ್ಪರ್ಧೆಯಲ್ಲಿ ಸಂದದ್ದು ನಿಯಮದಿಂದಲೇ. ಪೊವೆಲನ ನಾಲ್ಕನೆಯ ಜಿಗಿತವು ಸಲ್ಲದೆ ಹೋದದ್ದೂ ನಿಯಮದಿಂದಲೇ. ಒಪ್ಪಿಕೊಂಡ ನಿಯಮವು ನಮಗೆ ಅನುಕೂಲವಾದಾಗ ಮಾತ್ರ ನ್ಯಾಯವೆನ್ನುವುದು ಸಲ್ಲದು.

ಎರಡನೆಯದು ಇನ್ನೂ ಮುಖ್ಯವಾದುದು. ಪದಕವು ಜಿಗಿತಕ್ಕೆ ಸಲ್ಲುತ್ತದೆ. ಮನುಷ್ಯನ ಯೋಗ್ಯತೆಯ ತೀರ್ಪು ಅದರಿಂದ ಮುಗಿಯುವುದಿಲ್ಲ. ಆ ದಿನ ಸೋತ ಲೂಯಿಸನು ತನ್ನ ಜೀವನದ ಅತ್ಯುತ್ತಮ ಪ್ರದರ್ಶನವನ್ನು ನೀಡಿ ಸೋತನು. ಹೀಗೆ ಸೋಲುವವರು ವಿರಳ. ಮರುವರ್ಷ, ೧೯೯೨ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ, ಆತನು ೮.೬೭ ಮೀಟರು ಜಿಗಿದು ಪೊವೆಲನನ್ನು ಮೂರು ಸೆಂಟಿಮೀಟರುಗಳಿಂದ ಹಿಂದಿಕ್ಕಿದನು. ೧೯೯೬ರ ಅಟ್ಲಾಂಟಾದಲ್ಲಿ ನಾಲ್ಕನೆಯ ಬಾರಿಯೂ ಉದ್ದಜಿಗಿತದ ಒಲಿಂಪಿಕ್ ಚಿನ್ನವನ್ನು ಧರಿಸಿದನು. ವಿಶ್ವದಾಖಲೆಯ ಒಡೆಯನಾದ ಪೊವೆಲನಿಗೆ ಒಲಿಂಪಿಕ್ ಚಿನ್ನವು ಕೊನೆಯವರೆಗೂ ದೊರೆಯಲಿಲ್ಲ. ಒಲಿಂಪಿಕ್ ಚಿನ್ನಗಳೆಲ್ಲ ದೊರೆತ ಲೂಯಿಸನಿಗೆ, ಆತನು ಅಷ್ಟು ಕಾಲ ಹಂಬಲಿಸಿದ ಉದ್ದಜಿಗಿತದ ವಿಶ್ವದಾಖಲೆಯು ದಕ್ಕಲಿಲ್ಲ. ಒಬ್ಬನಿಗೆ ಸಂದುದು ಇನ್ನೊಬ್ಬನಿಗೆ ಸಲ್ಲಲಿಲ್ಲ. ಮೂರು ದಶಕಗಳಿಗೂ ಮಿಗಿಲಾಗಿ ಆ ೮.೯೫ ಮೀಟರಿನ ದಾಖಲೆಯು ಹಾಗೆಯೇ ನಿಂತು, ಓವೆನ್ಸನ ಮತ್ತು ಬೀಮನ್ನನ ದಾಖಲೆಗಳೆರಡಕ್ಕಿಂತಲೂ ದೀರ್ಘಾಯುವೆನಿಸಿದೆ.

ನಮ್ಮ ನಾಡಿನ ಮಾತು

ನಮ್ಮ ದೇಶದಲ್ಲಿಯೂ ಈ ಕಲೆಯು ಬೆಳೆದುಬಂದಿದೆ. ಕೇರಳದ ಟಿ. ಸಿ. ಯೋಹನ್ನಾನ್ ಅವರು ೧೯೭೪ರ ಟೆಹರಾನ್ ಏಷ್ಯನ್ ಕ್ರೀಡೆಗಳಲ್ಲಿ ೮.೦೭ ಮೀಟರು ಜಿಗಿದು, ಎಂಟು ಮೀಟರನ್ನು ದಾಟಿದ ಮೊದಲ ಭಾರತೀಯರೆನಿಸಿದರು. ೨೦೨೩ರ ಮಾರ್ಚ್ ತಿಂಗಳಿನಲ್ಲಿ ತಮಿಳುನಾಡಿನ ಜೆಸ್ವಿನ್ ಆಲ್ಡ್ರಿನ್ ೮.೪೨ ಮೀಟರು ಜಿಗಿದು ರಾಷ್ಟ್ರೀಯ ದಾಖಲೆಯನ್ನು ಬರೆದದ್ದು ನಮ್ಮ ಬಳ್ಳಾರಿ ಜಿಲ್ಲೆಯ ವಿಜಯನಗರದ ಕ್ರೀಡಾಸಂಸ್ಥೆಯ ಅಂಗಳದಲ್ಲಿ. ಟೋಕಿಯೋದಲ್ಲಿ ಮೈರಿಕ್ಸನಿಗೆ ಕಂಚು ತಂದ ಅಳತೆಯೂ ಇದೇ ೮.೪೨ ಎಂಬುದನ್ನು ನೆನೆದರೆ, ನಮ್ಮ ತರುಣರು ಎಲ್ಲಿಯವರೆಗೆ ಬಂದಿದ್ದಾರೆಂಬುದು ತಿಳಿಯುತ್ತದೆ.

ಉಪಸಂಹಾರ

ವಿದ್ಯಾರ್ಥಿಗಳು ಈ ಪಾಠವನ್ನು ಓದಿ ಮುಗಿಸಿದಮೇಲೆ ಒಂದು ಚಿಕ್ಕ ಪ್ರಯೋಗವನ್ನು ಮಾಡಬೇಕು. ಶಾಲೆಯ ಅಂಗಳದಲ್ಲಿ ಸುಣ್ಣದಿಂದ ಒಂದು ಗೆರೆಯನ್ನೆಳೆದು, ಅಲ್ಲಿಂದ ಅಳತೆಪಟ್ಟಿ ಹಿಡಿದು ೮.೯೦, ೮.೯೧, ೮.೯೫ ಮೀಟರುಗಳಲ್ಲಿ ಮೂರು ಗೆರೆಗಳನ್ನೆಳೆಯಿರಿ. ಮೊದಲ ಗೆರೆಯಿಂದ ನೋಡಿದರೆ ದೂರದ ಆ ಮೂರೂ ಒಂದೇ ಗೆರೆಯಂತೆ ಕಾಣುವುವು. ಹತ್ತಿರ ಹೋಗಿ ಬಾಗಿ ನೋಡಿದರೆ ಮಾತ್ರ ಬೇರೆ ಬೇರೆಯಾಗುವುವು. ಬೀಮನ್ನನ ಇಪ್ಪತ್ತೆರಡು ವರ್ಷಗಳ ಕೀರ್ತಿ, ಲೂಯಿಸನ ಹತ್ತು ವರ್ಷಗಳ ಅಜೇಯತೆ, ಪೊವೆಲನ ಹದಿನೈದು ಸೋಲುಗಳ ತಾಳ್ಮೆ, ಇವೆಲ್ಲವೂ ಆ ಕಿರಿದಾದ ಎಡೆಯಲ್ಲಿ ಅಡಗಿವೆ. ಆಮೇಲೆ ಮೊದಲ ಗೆರೆಯ ಕಡೆಗೆ ತಿರುಗಿ ನೋಡಿರಿ. ಸಾಧನೆಯ ಅಳತೆಯು ಆರಂಭವಾಗುವುದು ಅಲ್ಲಿಂದ. ಆ ಗೆರೆಗೆ ಹೆದರಿ ಹಿಂದೆ ನಿಲ್ಲುವವನಿಗೂ, ಅದನ್ನು ಲೆಕ್ಕಿಸದೆ ಮೀರುವವನಿಗೂ ಪೂರ್ಣಫಲವು ದೊರೆಯದು. ಅದರ ಅಂಚಿನವರೆಗೂ ಹೋಗಿ, ಅದನ್ನು ಗೌರವಿಸಿ, ಅಲ್ಲಿಂದ ಮೇಲೇಳುವುದೇ ಲಂಘನ.